ಮೊದಲಿನ ಹಾಡು, ಕಡೀ ಹಾಡು

ಗಣಪತಿ ಸ್ತುತಿ ಆಗದೆ ಬಯಲಾಟ ಸುರು ಆಗೂದಿಲ್ಲ, ಮಂಗಳ ಹಾಡದೆ ಮುಗಿಯೂದಿಲ್ಲ. ಇದು ನಮ್ಮ ಅಕ್ಕಲಕೋಟ ಭಾಗದ ಹಿರಿಯರಿಗೆಲ್ಲ ಗೊತ್ತಿದ್ದ ಮಾತು. ಜಪಾನದ ಕಾರ್ಟೂನ್ ಮಾಲಿಕೆಗಳಲ್ಲೂ (ಅವರು ‘ಅನಿಮೆ’ ಅಂತಾರ) ಇಂಥದೇ ಪದ್ಧತಿ ಇದೆ. ಕಂತಿನ ಮೊದಲಿಗೆ ಒಂದು ಹಾಡು, ಕಡೀಕ ಇನ್ನೊಂದು. ಒಂದೊಂದೂ ಸುಮಾರು ಒಂದೂವರೆ ನಿಮಿಷ. ಮೊದಲಿನದು ಜನರನ್ನು ಕರೆಯುತ್ತದೆ. ಕಡೀದರ ಜೊತೆ ಚಿತ್ರ ಬರೆದವರ, ದನಿ ಕೊಟ್ಟವರ ಹೆಸರು ಸಾಲಾಗಿ ಹೋಗತಾವ.

ಅಂಥ ಮಾಲಿಕೆಯೊಂದು ನಮ್ಮೂರಿಗೂ ಬಂದಿತ್ತು. ಅದು ಜಪಾನದ್ದು ಅಂತ ನಮಗೆ ಗೊತ್ತಿರಲಿಲ್ಲ ಅಷ್ಟೆ. ‘ಜಂಗಲ್ ಬುಕ್’! ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಪುಸ್ತಕ. ಮೋಗ್ಲಿಯ ಕಾಡು ಮಧ್ಯಪ್ರದೇಶದ ಸಿವನಿಯದು. 1989ರಲ್ಲಿ ಜಪಾನದ ನಿಪ್ಪಾನ್ ಆನಿಮೇಷನ್ ಕಂಪನಿ ಅದನ್ನ 52 ಕಂತಿನ ಮಾಲಿಕೆ ಮಾಡಿತು. 1993ರಲ್ಲಿ ದೂರದರ್ಶನದಲ್ಲಿ ಹಿಂದಿಯೊಳಗ ಬಂದಾಗ ಜಪಾನಿ ಹಾಡನ್ನು ಅನುವಾದ ಮಾಡಲಿಲ್ಲ. ಗುಲ್ಜಾರ್ ಹೊಸದಾಗಿ ಬರೆದರು, ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟರು.

ರವಿವಾರ ಓಣಿಯ ಹುಡುಗರೆಲ್ಲ ಟಿವಿ ಇದ್ದ ಒಂದೇ ಮನಿಯಾಗ ಕೂಡತಿದ್ದೆವು. ಮನಿಯಾಗ ಕನ್ನಡ, ಸಂತ್ಯಾಗ ಮರಾಠಿ. ಹಿಂದಿ ಯಾರಿಗೂ ನೆಟ್ಟಗ ಬರತಿದ್ದಿಲ್ಲ. ಆದರ ಆ ಹಾಡಿನಾಗ ‘ಚಡ್ಡಿ’ ಅನ್ನೂ ಶಬ್ದ ಬಂದ ಕೂಡಲೆ ನಗಿ! ಮೂರೂ ಭಾಷೆಗೆ ಅದೊಂದೇ ಶಬ್ದ. ಸೋಲಾಪುರದ ನೇಕಾರ ಓಣಿಯ ತೆಲುಗು ಹುಡುಗರೂ ಅದಕ್ಕ ನಗತಿದ್ದರು.

ಕಥಿ ಮುಗೀತಂದ್ರ ಆ ಮನಿ ಕಾಕು ಟಿವಿ ಬಂದ್ ಮಾಡತಿದ್ದಳು. ಮುಂದ ಏನು ಬರತಿತ್ತೋ ನಾವು ನೋಡಲೇ ಇಲ್ಲ. 2016ರಲ್ಲಿ ಹೊಸ ಜಂಗಲ್ ಬುಕ್ ಸಿನಿಮಾ ಬಂದಾಗ ಹಿಂದಿಯವರು ಮತ್ತ ಹಾಡಿಸಿದ್ದೂ ಮೊದಲಿನ ಹಾಡನ್ನೇ.

ಇದನ್ನ ಯಾಕ ಬರೀಲಿಕ್ಕತ್ತೀನಂದ್ರ, ಹ್ವಾದ ವರ್ಷ ನಮ್ಮೂರ ಬಯಲಾಟದ ಹಳೇ ವಹಿ ಸಿಕ್ಕಿತು. ಗಣಪತಿ ಸ್ತುತಿ ಪೂರ್ತಿ ಅದ. ಕಡೀ ಹಾಳಿಗಳು ಹರದು ಹೋಗ್ಯಾವ. ಸ್ತುತಿ ಹಾಡಿ ತೋರಸ್ರಿ ಅಂದರೆ ಹತ್ತು ಮಂದಿ ಮುಂದ ಬಂದರು. ಮಂಗಳ ಕೇಳಿದರೆ ಒಬ್ಬರಿಗೂ ಬರಲಿಲ್ಲ. ಬೆಳಗಾಗೂದ್ರೊಳಗ ಎಲ್ಲರೂ ಎದ್ದು ಮನಿಗೆ ಹೋಗತಿದ್ದರಂತ. ಹಿಂಡೂ ಎಮ್ಮಿ ಕಾಯತಾವೇನು? ಕವಿಯ ಅಂಕಿತ ಇದ್ದದ್ದು ಮಂಗಳದಾಗೇ. ಹಿಂಗಾಗಿ ನಮ್ಮೂರ ಆಟ ಬರೆದವರ್ಯಾರು ಅಂತ ಇವತ್ತು ನಮಗ ಗೊತ್ತಿಲ್ಲ.

ಇದೇ ಆಟ ಗಡಿಯಾಚೆ ಅಫಜಲಪುರ ತಾಲೂಕಿನ ಒಂದು ಹಳ್ಳಿಯಾಗೂ ಆಡತಿದ್ದರಂತ. ಅಲ್ಲಿ ಮದ್ದಳೆ ಬಾರಿಸುತ್ತಿದ್ದ ಅಜ್ಜ ಒಬ್ಬರು ಇನ್ನೂ ಅದಾರ. ಬರೂ ರವಿವಾರ ವಹಿ ತಗೊಂಡು ಹೊಂಟೀನಿ.