ಯಾವ ಕಪಾಟಿಗೂ ಸೇರದ ಆಲ್ಬಮ್

ಕಳೆದ ವಾರ ಎಪಿಸೋಡ್ ಅಪ್‌ಲೋಡ್ ಮಾಡುವಾಗ ಆ್ಯಪ್ ಎಂದಿನ ಪ್ರಶ್ನೆ ಕೇಳ್ತು: ಇದು ಯಾವ ವರ್ಗ? ಇತಿಹಾಸವಾ, ಸಂಗೀತವಾ, ಬಿಸಿನೆಸ್ಸಾ? ಒಂದನ್ನ ಒತ್ತದಿದ್ರೆ ಮುಂದಕ್ಕೆ ಬಿಡಲ್ಲ. ನಾನು ಓದಿದ್ದು ಬಿಕಾಂ, ಸರಕಿಗೆ ಲೇಬಲ್ ಯಾಕೆ ಬೇಕು ಅಂತ ಗೊತ್ತು. ಆದ್ರೂ ಆಗ ನೆನಪಾದದ್ದು ಇದೇ ಪ್ರಶ್ನೆಯಿಂದ ವರ್ಷಗಟ್ಟಲೆ ಅಲೆದಾಡಿದ ಅಮೆರಿಕದ ಗಾಯಕಿ ಲೂಸಿಂಡಾ ವಿಲಿಯಮ್ಸ್. ಇವತ್ತಿನ ಕತೆ ಅವರ 1998ರ ಆಲ್ಬಮ್‌ನದು: 'ಕಾರ್ ವೀಲ್ಸ್ ಆನ್ ಎ ಗ್ರ್ಯಾವೆಲ್ ರೋಡ್'. ಜಲ್ಲಿ ರಸ್ತೆಯ ಮೇಲೆ ಕಾರಿನ ಚಕ್ರದ ಸದ್ದು.

ಮೊದಲು, ಈ ಲೇಬಲ್‌ಗಳು ಎಲ್ಲಿಂದ ಬಂದವು ನೋಡೋಣ. 1920ರಲ್ಲಿ ಓಕೆ ಅನ್ನೋ ರೆಕಾರ್ಡ್ ಕಂಪನಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಹಾಡು ಹೊರತಂದಿತು. ಭರ್ಜರಿ ಮಾರಾಟ. 1923ರಲ್ಲಿ ಅದೇ ಕಂಪನಿಯ ರಾಲ್ಫ್ ಪಿಯರ್ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನನ್ನ ಧ್ವನಿಮುದ್ರಿಸಿದರು. ಅದೂ ಓಡ್ತು. ಕಂಪನಿಗಳಿಗೆ ಎರಡು ಗಿರಾಕಿ ವರ್ಗ ಸಿಕ್ಕಂತಾಯ್ತು. ಕಪ್ಪು ಜನರಿಗೆ ಮಾರೋದು 'ರೇಸ್' ರೆಕಾರ್ಡ್, ಹಳ್ಳಿಗಾಡಿನ ಬಿಳಿಯರಿಗೆ ಮಾರೋದು 'ಹಿಲ್‌ಬಿಲ್ಲಿ'. ಅಂದ್ರೆ ಕೊಳ್ಳುವವರ ಮುಖ ನೋಡಿ ಮಾಡಿದ ವಿಂಗಡಣೆ ಇದು.

ಹಾಡುವವರು ಮಾತ್ರ ಹಾಗೆ ಬೇರೆಬೇರೆಯಾಗಿ ಇರಲಿಲ್ಲ. ಕಂಟ್ರಿ ಸಂಗೀತದ ಮೊದಲ ತಲೆಮಾರಿನ ಎ.ಪಿ. ಕಾರ್ಟರ್ ಅಪಲಾಚಿಯ ಬೆಟ್ಟಗಳಲ್ಲಿ ಹಾಡು ಹುಡುಕುತ್ತಾ ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ರಿಡಲ್ ಕೇಳಿ ನೆನಪಿಟ್ಟುಕೊಂಡ ಧಾಟಿಗಳು ಕಾರ್ಟರ್ ಫ್ಯಾಮಿಲಿ ಹೆಸರಲ್ಲಿ ಬಿಳಿಯರ ಕಪಾಟಿಗೆ ಹೋದವು.

ಲೂಸಿಂಡಾ ಹುಟ್ಟಿದ್ದು 1953ರಲ್ಲಿ, ಲೂಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ. ಫ್ರೆಂಚ್ ಮಾತಾಡುವ ಕೇಜನ್ ಜನರ ಅಕಾರ್ಡಿಯನ್, ಕಪ್ಪು ಕ್ರಿಯೋಲರ ಝೈಡಿಕೊ, ಬ್ಲೂಸ್, ಕಂಟ್ರಿ ಎಲ್ಲವೂ ಅಕ್ಕಪಕ್ಕದಲ್ಲೇ ಬಾಳಿದ ಸೀಮೆ ಅದು. ಅಪ್ಪ ಮಿಲ್ಲರ್ ವಿಲಿಯಮ್ಸ್ ಕವಿ, ಕಾಲೇಜು ಮೇಷ್ಟ್ರು. ಅವರ ಕೆಲಸದ ಹಿಂದೆ ಸಂಸಾರವೂ ಊರೂರು ಅಲೆಯಿತು: ಜಾರ್ಜಿಯಾ, ಮಿಸಿಸಿಪ್ಪಿ, ಅರ್ಕಾನ್ಸಾ, ಚಿಲಿ, ಮೆಕ್ಸಿಕೊವರೆಗೂ.

1979ರಲ್ಲಿ ಫೋಕ್‌ವೇಸ್ ಕಂಪನಿಗೆ ಹಳೇ ಬ್ಲೂಸ್, ಕಂಟ್ರಿ ಹಾಡುಗಳನ್ನ ಹಾಡಿದರು. 1980ರಲ್ಲಿ ಸ್ವಂತ ಹಾಡುಗಳ ಆಲ್ಬಮ್ ಬಂತು. ಆಮೇಲೆ ಎಂಟು ವರ್ಷ ಒಂದೂ ಆಲ್ಬಮ್ ಇಲ್ಲ. ಲಾಸ್ ಏಂಜಲೀಸ್ ಕಂಪನಿಗಳಿಗೆ ಇವರದು ಅತಿ ಕಂಟ್ರಿ, ನ್ಯಾಶ್‌ವಿಲ್‌ನವರಿಗೆ ಅತಿ ರಾಕ್. ಕೊನೆಗೆ 1988ರಲ್ಲಿ ಕೈ ಹಿಡಿದಿದ್ದು ಪಂಕ್ ಹುಡುಗರ ಹಾಡುಗಳಿಗೆ ಹೆಸರಾದ ಬ್ರಿಟನ್ನಿನ ರಫ್ ಟ್ರೇಡ್.

1992ರ ಆಲ್ಬಮ್ ಆದಮೇಲೆ 'ಕಾರ್ ವೀಲ್ಸ್' ಬರೋಕೆ ಆರು ವರ್ಷ ಹಿಡಿಯಿತು. ಆಸ್ಟಿನ್‌ನಲ್ಲಿ ಮಾಡಿದ ಧ್ವನಿಮುದ್ರಣ ಸಮಾಧಾನ ಆಗಲಿಲ್ಲ. ಸ್ಟೀವ್ ಅರ್ಲ್ ಜೊತೆ ನ್ಯಾಶ್‌ವಿಲ್‌ನಲ್ಲಿ ಮತ್ತೆ ಹಾಡಿದರು, ಕೆಲಸ ಮುಗಿದದ್ದು ಕ್ಯಾಲಿಫೋರ್ನಿಯಾದಲ್ಲಿ. ಈ ಜಗ್ಗಾಟದಲ್ಲಿ ಬಹುಕಾಲದ ಜೊತೆಗಾರ, ಗಿಟಾರ್ ವಾದಕ ಗರ್ಫ್ ಮಾರ್ಲಿಕ್ಸ್ ದೂರವಾದರು. ಬೆಲೆ ದೊಡ್ಡದೇ.

ಆಲ್ಬಮ್ ಹಾಕಿ ಕೇಳಿ, ಕಾರಲ್ಲಿ ಕೂತ ಹಾಗೇ ಇರುತ್ತೆ. ಒಂದು ಹಾಡಲ್ಲಿ ಸ್ಲೈಡ್ ಗಿಟಾರಿನ ಬ್ಲೂಸ್, ಇನ್ನೊಂದರಲ್ಲಿ ಲೂಸಿಯಾನಾ ನೆನಪಿಸೋ ಅಕಾರ್ಡಿಯನ್, 'ಗ್ರೀನ್‌ವಿಲ್'ನಲ್ಲಿ ಎಮಿಲೂ ಹ್ಯಾರಿಸ್ ದನಿಗೂಡಿಸಿದ ಅಪ್ಪಟ ಕಂಟ್ರಿ. ಹಾಡಿಂದ ಹಾಡಿಗೆ ಊರ ಹೆಸರುಗಳು ಬೋರ್ಡಿನ ಹಾಗೆ ದಾಟಿಹೋಗುತ್ತವೆ: ಮೇಕನ್, ಲಫಾಯೆಟ್, ವಿಕ್ಸ್‌ಬರ್ಗ್, ಜಾಕ್ಸನ್. 'ಲೇಕ್ ಚಾರ್ಲ್ಸ್' ಹಾಡು ತೀರಿಹೋದ ಒಬ್ಬ ಗೆಳೆಯನದು. ಅವನು ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಆದರೆ ಕೇಳಿದವರಿಗೆಲ್ಲ ತನ್ನೂರು ಲೇಕ್ ಚಾರ್ಲ್ಸ್ ಅಂತಲೇ ಹೇಳ್ತಿದ್ದನಂತೆ.

ಈಗ ಲೆಕ್ಕ ನೋಡಿ. ಯಾರಿಗೂ ಬೇಡವಾಗಿದ್ದ ಈ ಗಾಯಕಿ 1988ರಲ್ಲಿ ಹಾಡಿದ 'ಪ್ಯಾಶನೇಟ್ ಕಿಸಸ್' ಅನ್ನು ಮೇರಿ ಚೇಪಿನ್ ಕಾರ್ಪೆಂಟರ್ ಮತ್ತೆ ಹಾಡಿದಾಗ, 1994ರಲ್ಲಿ ಬರೆದವರಿಗೆ ಅತ್ಯುತ್ತಮ ಕಂಟ್ರಿ ಹಾಡಿನ ಗ್ರ್ಯಾಮಿ ಬಂತು. 'ಕಾರ್ ವೀಲ್ಸ್'ಗೆ 1999ರಲ್ಲಿ ಸಮಕಾಲೀನ ಫೋಕ್ ಆಲ್ಬಮ್ ಗ್ರ್ಯಾಮಿ. 2002ರಲ್ಲಿ ರಾಕ್ ಗಾಯನಕ್ಕೆ ಮತ್ತೊಂದು. ಮೂರು ಕಪಾಟು, ಗಂಟಲು ಒಂದೇ.

ಆಲ್ಬಮ್‌ಗೆ ಹೆಸರು ಕೊಟ್ಟ ಹಾಡಲ್ಲಿ ಕಾರಿನ ಹಿಂದಿನ ಸೀಟಲ್ಲಿ ಕೂತು ಕಿಟಕಿಯಾಚೆ ನೋಡೋ ನಾಲ್ಕೈದು ವರ್ಷದ ಮಗು ಇದೆ. ಕೆನ್ನೆ ಮೇಲೆ ಕಣ್ಣೀರು, ಧೂಳು. ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆಯಲ್ಲಿ ಇದನ್ನ ಹಾಡಿ ಮುಗಿಸಿದಾಗ ಅಪ್ಪ ಹತ್ತಿರ ಬಂದು ಕ್ಷಮೆ ಕೇಳಿದರು ಅಂತ ಲೂಸಿಂಡಾ ಹೇಳಿಕೊಂಡಿದ್ದಾರೆ. ಆ ಮಗು ತಾನೇ ಅಂತ ಅವರಿಗೂ ಗೊತ್ತಿರಲಿಲ್ಲ. ಗುರುತು ಹಿಡಿದದ್ದು ಅಪ್ಪ.

ನಮ್ಮಪ್ಪನಿಗೂ ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಹಾಸನದ ಮಾತು, ಬಳ್ಳಾರಿಯ ಮಾತು, ಶಿರಸಿಯ ಮಾತು ನನ್ನ ನಾಲಿಗೆಯಲ್ಲಿ ಕಲಸಿಹೋಗಿವೆ. ನಿಮ್ಮೂರು ಯಾವುದು ಅಂತ ಯಾರಾದ್ರೂ ಕೇಳಿದರೆ ಇವತ್ತಿಗೂ ಒಂದು ಗಳಿಗೆ ತಡವರಿಸ್ತೀನಿ. ಈ ಆಲ್ಬಮ್ ಸಿಕ್ಕ ಮೇಲೆ ತಡವರಿಸೋಕೆ ನಾಚಿಕೆ ಆಗಲ್ಲ.

ಅಂದ ಹಾಗೆ, ಈ ಎಪಿಸೋಡ್‌ಗೆ ನಾನು ಒತ್ತಿದ್ದು 'ಇತಿಹಾಸ'. ತಪ್ಪು ಅನ್ನಿಸಿದ್ರೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.