ಗೆಜ್ಜೆ ಬಿಚ್ಚುವ ದಿನ

ಕರಾವಳಿಯ ಯಕ್ಷಗಾನ ಮೇಳದ ವರ್ಷಕ್ಕೆ ಎರಡು ತುದಿಗಳಿವೆ: ದೀಪಾವಳಿ ಕಳೆದ ಮೇಲೆ ದೇವರ ಸನ್ನಿಧಿಯಲ್ಲಿ ಕಾಲಿಗೆ ಗೆಜ್ಜೆ ಕಟ್ಟುವುದು ಒಂದು, ಪತ್ತನಾಜೆಯಂದು ಅದೇ ಸನ್ನಿಧಿಯಲ್ಲಿ ಅದನ್ನು ಬಿಚ್ಚುವುದು ಇನ್ನೊಂದು. ತುಳುವಿನಲ್ಲಿ 'ಪತ್ತ್' ಎಂದರೆ ಹತ್ತು. ತುಳು ಸೌರಮಾನದ ಎರಡನೆಯ ತಿಂಗಳಾದ ಬೇಸದ ಹತ್ತನೆಯ ದಿನವೇ ಪತ್ತನಾಜೆ. ಇದು ಸಾಮಾನ್ಯವಾಗಿ ಮೇ 24ರ ಆಸುಪಾಸಿಗೆ ಬೀಳುತ್ತದೆ. ಆ ದಿನ ಹತ್ತು ಹನಿಯಾದರೂ ಮಳೆ ಬಿದ್ದೇ ಬೀಳುತ್ತದೆ ಎಂಬ ನಂಬಿಕೆ ತುಳುನಾಡಿನಲ್ಲಿದೆ. ಭೂತಕೋಲ, ಜಾತ್ರೆ, ಬಯಲಾಟಗಳೆಲ್ಲ ಈ ಗಡಿಯಲ್ಲಿ ನಿಂತು, ಊರು ಗದ್ದೆಯ ಕಡೆಗೆ ಮುಖ ಮಾಡುತ್ತದೆ.

ರಾತ್ರಿಯಿಡೀ ಊರಿಗೆ ಊರೇ ಕುಳಿತು ಪುರಾಣ ಕೇಳುವ, ನೋಡುವ ಈ ಏರ್ಪಾಡಿಗೆ ಬೆನ್ನೆಲುಬಾದದ್ದು 'ತಿರುಗಾಟ'. ಒಂದೂರಿನಲ್ಲಿ ಬೆಳಗಿನವರೆಗೆ ಆಡಿ, ಮುಂದಿನ ಊರಿಗೆ ನಡೆದು, ಸಂಜೆಗೆ ಅಲ್ಲಿ ಮತ್ತೆ ಚೌಕಿ ಹೂಡುವ ಈ ಸಂಚಾರ ಸುಮಾರು ಆರು ತಿಂಗಳು ನಡೆಯುತ್ತದೆ. 'ಚೌಕಿ' ಎಂದರೆ ವೇಷಧಾರಿಗಳು ಬಣ್ಣ ಬರೆದುಕೊಳ್ಳುವ ಮನೆ ಅಥವಾ ಚಪ್ಪರ. ಮೇಳದ ಗಣಪತಿಗೆ ಪೂಜೆಯಾಗುವುದೂ ಅಲ್ಲಿಯೇ. ವಾಹನಗಳು ಬರುವ ಮೊದಲು ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ತುಂಬಿದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಹೊಳೆ, ಗುಡ್ಡಗಳನ್ನು ದಾಟುತ್ತಿದ್ದವು. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಹರಕೆಯ ಆಟಗಳಿಂದಲೇ ಬದುಕಿವೆ. ಭಕ್ತನೊಬ್ಬ ಹರಕೆ ಹೊತ್ತು ಆಟ ಆಡಿಸಿದರೆ ನೋಡಲು ಬಂದವರು ಕಾಸು ಕೊಡಬೇಕಾಗಿಲ್ಲ. ಕಟೀಲಿನ ಮೇಳಗಳು ಹಲವಾದರೂ, ಹೆಸರು ಬರೆಸಿದವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುವುದುಂಟು.

ತಿರುಗಾಟದ ಕೊನೆಯ ಆಟವು ಮೇಳ ಹೊರಟ ದೇವಸ್ಥಾನದಲ್ಲೇ ನಡೆಯುತ್ತದೆ. ದೇವರಿಗಾಗಿಯೇ ಆಡುವುದರಿಂದ ಇದಕ್ಕೆ 'ಸೇವೆಯಾಟ'ವೆಂದು ಹೆಸರು. ಭಾಗವತರು, ಎಂದರೆ ಹಾಡಿನ ಮೂಲಕ ಕಥೆಯನ್ನು ನಡೆಸುವ ಮುಖ್ಯ ಗಾಯಕರು, ಮಂಗಳ ಹಾಡುತ್ತಾರೆ. ಚೆಂಡೆ ಮದ್ದಳೆಗಳು ನಿಲ್ಲುತ್ತವೆ. ವೇಷಧಾರಿಗಳು ದೇವರೆದುರು ಗೆಜ್ಜೆ ಬಿಚ್ಚಿಡುತ್ತಾರೆ. ಹೊರಗಿನವರ ಕಣ್ಣಿಗೆ ಇದು ತೀರ ಚಿಕ್ಕ ಶಾಸ್ತ್ರ. ಆದರೆ ಆ ಗೆಜ್ಜೆ ಕಲಾವಿದನ ಮನೆಗೆ ಹೋಗದೆ ದೇವರ ವಶಕ್ಕೆ ಹೋಗುವುದನ್ನು ಗಮನಿಸಿದರೆ, ಮೇಳ ಯಾರದೆಂಬ ಪ್ರಶ್ನೆಗೆ ಪರಂಪರೆ ಕೊಟ್ಟ ಉತ್ತರ ತಿಳಿಯುತ್ತದೆ: ವೇಷ ತೊಟ್ಟವನಾಗಲಿ, ಮೇಳ ನಡೆಸುವ ಯಜಮಾನನಾಗಲಿ ಅದರ ಒಡೆಯನಲ್ಲ, ಆ ವರ್ಷದ ಮಟ್ಟಿಗೆ ಅದನ್ನು ಹೊತ್ತವನು ಮಾತ್ರ. ಮುಂದಿನ ತಿರುಗಾಟಕ್ಕೆ ಅದೇ ಮೇಳದಲ್ಲಿ ಉಳಿಯಬೇಕೋ ಬೇರೆ ಮೇಳ ಸೇರಬೇಕೋ ಎಂಬ ಮಾತುಕತೆಗೂ ಇದೇ ಕಾಲ.

ಕಥೆ ಹೇಳುವ ಕೆಲಸ ಮಾತ್ರ ಮಳೆಗಾಲದಲ್ಲೂ ಪೂರ್ತಿ ನಿಲ್ಲಲಿಲ್ಲ. ಇಬ್ಬರು ವೇಷಧಾರಿಗಳು, ಒಬ್ಬ ಭಾಗವತ, ಒಂದಿಬ್ಬರು ವಾದಕರು ಸೇರಿ ಮನೆಮನೆಗೆ ಹೋಗಿ, ಹಚ್ಚಿಟ್ಟ ದೀಪದೆದುರು ಅರ್ಧಗಳಿಗೆ ಕುಣಿದು, ಮನೆಯವರು ಕೊಟ್ಟದ್ದನ್ನು ಪಡೆದು ಮುಂದೆ ಹೋಗುವ ಕ್ರಮಕ್ಕೆ 'ಚಿಕ್ಕಮೇಳ' ಎನ್ನುತ್ತಾರೆ. ವೇಷವೂ ಕುಣಿತವೂ ಇಲ್ಲದೆ, ಕುಳಿತಲ್ಲೇ ಪಾತ್ರಗಳ ಪರವಾಗಿ ಮಾತನಾಡುವ 'ತಾಳಮದ್ದಳೆ'ಗೂ ಮಳೆಗಾಲವೇ ಹುಲುಸಾದ ಕಾಲ. ಚಿಕ್ಕಮೇಳವನ್ನು ಬೇಡುವ ವೃತ್ತಿಯೆಂದು ಹಗುರವಾಗಿ ಕಂಡವರಿದ್ದಾರೆ. ಸಂಬಳವಿಲ್ಲದ ತಿಂಗಳುಗಳಲ್ಲಿ ಎಷ್ಟೋ ಒಲೆಗಳು ಉರಿದದ್ದು ಅದರಿಂದಲೇ ಎಂಬುದನ್ನು ಅವರು ಮರೆತಂತಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಚಿತ್ರ ಬದಲಾಯಿತು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರದ ಸೀಮೆಯಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ವ್ಯಕ್ತಿಯೊಬ್ಬರು ಹುಟ್ಟುಹಾಕಿದ ಈ ಮಂಡಳಿ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆಯವರ ಕೈಗೆ ದಾಟಿ ಉಳಿಯಿತು. ಆದರೆ ಎಲ್ಲ ಮಂಡಳಿಗಳಿಗೂ ಇಂಥ ಉತ್ತರಾಧಿಕಾರ ದೊರೆಯಲಿಲ್ಲ. ಶತಮಾನದ ನಡುವಿನಲ್ಲಿ, ಬಯಲಿಗೆ ಡೇರೆ ಕಟ್ಟಿ, ಟಿಕೆಟಿಟ್ಟು ಆಟ ತೋರಿಸುವ ಡೇರೆ ಮೇಳಗಳು ಬಲಗೊಂಡವು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಾತಿನ ಮಲ್ಲರಿದ್ದ ಸುರತ್ಕಲ್ ಮೇಳ, ತುಳು ಪ್ರಸಂಗಗಳಿಂದ ಜನರನ್ನು ಸೆಳೆದ ಕರ್ನಾಟಕ ಮೇಳ ಇವುಗಳಲ್ಲಿ ಹೆಸರಾದವು. ಹೆಸರಿಗೆ ದೇವರಿದ್ದರೂ ಲಾಭನಷ್ಟ ಯಜಮಾನನ ತಲೆಗೇ ಬರುತ್ತಿತ್ತು. ಸಿನಿಮಾ, ಟಿ.ವಿ.ಗಳ ಪೈಪೋಟಿ, ಏರಿದ ಖರ್ಚು, ಇಳಿದ ಟಿಕೆಟಿನ ಹಣ ಸೇರಿ ಸುರತ್ಕಲ್, ಕರ್ನಾಟಕ ಮೇಳಗಳೆರಡೂ ಕಣ್ಮರೆಯಾದವು. ಸಾಲಿಗ್ರಾಮ, ಪೆರ್ಡೂರಿನಂಥ ಕೆಲವೇ ಡೇರೆ ಮೇಳಗಳು ನಿಂತವು. ವರ್ಷಕ್ಕೊಮ್ಮೆ ಗೆಜ್ಜೆ ಬಿಚ್ಚುವುದಕ್ಕೆ ದಿನ, ಸ್ಥಳ, ವಿಧಿಗಳನ್ನೆಲ್ಲ ಗೊತ್ತುಮಾಡಿದ ಪರಂಪರೆಯಲ್ಲಿ, ಒಬ್ಬ ಯಜಮಾನ ತಾನು ಕಟ್ಟಿದ ಮೇಳವನ್ನು ಶಾಶ್ವತವಾಗಿ ಬೀಳ್ಕೊಡುವುದಕ್ಕೆ ಒಂದು ಶಾಸ್ತ್ರವೂ ಇರಲಿಲ್ಲ. ಕ್ಷೇತ್ರದ ಮೇಳಕ್ಕೆ ಅದರ ಅಗತ್ಯ ಬೀಳದಿದ್ದುದೇ ಇದಕ್ಕೆ ಕಾರಣವಿರಬೇಕು. ಯಜಮಾನ ಬದಲಾದರೂ ಪೆಟ್ಟಿಗೆ ದೇವಸ್ಥಾನದಲ್ಲೇ ಇರುತ್ತಿತ್ತು. ಡೇರೆ ಮೇಳದ ಪೆಟ್ಟಿಗೆಗೆ ಮರಳಲು ಅಂಥ ಮನೆಯಿರಲಿಲ್ಲ.

ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮದಿಂದಾಗಿ ಈಚೆಗೆ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸುವ 'ಕಾಲಮಿತಿ' ಪದ್ಧತಿ ಹಬ್ಬಿದೆ. ಬೆಳಗಿನ ಮಂಗಳ ಹಲವೆಡೆ ನಡುರಾತ್ರಿಗೆ ಸರಿದಿದೆ. ಪತ್ತನಾಜೆ ಮಾತ್ರ ಸರಿದಿಲ್ಲ. ಅದರ ಲೆಕ್ಕ ತಪ್ಪಿದ್ದು 2020ರಲ್ಲಿ: ಮಾರ್ಚ್ ತಿಂಗಳಲ್ಲಿ ಕೊರೊನಾ ಕಾರಣದಿಂದ ತಿರುಗಾಟಗಳು ಅರ್ಧದಲ್ಲೇ ನಿಂತವು, ಹರಕೆಯ ಆಟಗಳು ಬಾಕಿಯಾದವು, ಬೇಸದ ಹತ್ತು ಬಂದಾಗ ಆಟವಿಲ್ಲದೆ ಎರಡು ತಿಂಗಳಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಮೇಳಗಳು ಮತ್ತೆ ಗೆಜ್ಜೆ ಕಟ್ಟಿ ಹೊರಟವು.