ಪೊಲೀಸರ ಕೈಯ ಬಂದೂಕು: ಒಂದು ಹಿನ್ನೋಟ

2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಸರ್ಕಾರಕ್ಕೆ ಶರಣಾದರು. ಅದರ ಬೆನ್ನಿಗೇ ಕೊಪ್ಪ ತಾಲ್ಲೂಕಿನ ಮೇಗೂರು ಬಳಿಯ ಕಾಡಿನಲ್ಲಿ ಅವರ ಆಯುಧಗಳು ಪತ್ತೆಯಾದವು. ಪತ್ರಿಕೆಗಳಲ್ಲಿ ಬಂದ ಪಟ್ಟಿಯಲ್ಲಿ ಎಕೆ-56ರ ಜೊತೆಗೆ .303 ರೈಫಲ್‌ಗಳೂ ಇದ್ದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಿರಿಯರಿಗೆ ಈ ಹೆಸರು ಹೊಸದಲ್ಲ. ಖಜಾನೆಯ ಕಾವಲಿನಲ್ಲಿ, ಮತಗಟ್ಟೆಯ ಬಾಗಿಲಿನಲ್ಲಿ ಪೊಲೀಸರ ಹೆಗಲ ಮೇಲೆ ಅವರು ಕಂಡದ್ದು ಇದೇ 'ತ್ರೀ ನಾಟ್ ತ್ರೀ'. ಈ ಬಂದೂಕಿನ ಹಿಂದೆ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಇತಿಹಾಸವಿದೆ.

1857ರ ಹೋರಾಟದಲ್ಲಿ ಹಿಂದೂ ಮುಸ್ಲಿಂ ಸಿಪಾಯಿಗಳು ಒಟ್ಟಾಗಿ ತಿರುಗಿಬಿದ್ದದ್ದು ಬ್ರಿಟಿಷರಿಗೆ ಮರೆಯಲಾಗದ ಪಾಠವಾಯಿತು. ಅನಂತರ ಭಾರತೀಯರ ಕೈಗೆ ಒಳ್ಳೆಯ ಬಂದೂಕು ಕೊಡಲು ಅವರು ಹಿಂಜರಿದರು. 1861ರ ಪೊಲೀಸ್ ಕಾಯ್ದೆ ಬಂದಾಗಲೂ ಈ ಅನುಮಾನ ಉಳಿದಿತ್ತು. 1878ರ ಆಯುಧ ಕಾಯ್ದೆಯಲ್ಲಿ ಭಾರತೀಯರು ಪರವಾನಗಿ ಪಡೆಯಬೇಕಾಗಿತ್ತು. ಯುರೋಪಿಯನ್ನರಿಗೆ ವಿನಾಯಿತಿ ಇತ್ತು.

ಈ ಅನುಮಾನಕ್ಕೆ ಕಬ್ಬಿಣದಲ್ಲಿ ಉಳಿದಿರುವ ಸಾಕ್ಷಿಯೆಂದರೆ .410 ಮಸ್ಕೆಟ್. ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ಸೈನ್ಯದ ತ್ರೀ ನಾಟ್ ತ್ರೀ ರೈಫಲ್‌ಗಳನ್ನೇ ಮಾರ್ಪಡಿಸಿ ಇದನ್ನು ಮಾಡಲಾಗುತ್ತಿತ್ತು. ಗುಂಡಿಗೆ ಗುರಿ ಕೊಡುವ ನಳಿಗೆಯೊಳಗಿನ ಸುರುಳಿ ಗೀರುಗಳು ಇದಕ್ಕಿರಲಿಲ್ಲ. ಹತ್ತು ಗುಂಡು ಹಿಡಿಯುವ ಮ್ಯಾಗಜಿನ್‌ನ ಜಾಗವನ್ನು ಮುಚ್ಚಿ, ಒಂದು ಸಲಕ್ಕೆ ಒಂದೇ ತೋಟಾ ಹಾಕುವಂತೆ ಮಾಡಿದರು. ಹೊರನೋಟಕ್ಕೆ ಸೈನ್ಯದ ಬಂದೂಕೇ. ಆದರೆ ದೂರಕ್ಕೆ ಗುರಿಯಿಟ್ಟು ಹೊಡೆಯಲಾಗದು. ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟದ್ದು ಇದನ್ನು. ಕಾನೂನು ಕಾಯುವವನನ್ನೇ ಸರ್ಕಾರ ಪೂರ್ತಿ ನಂಬಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ನಮ್ಮ ಮೂರು ತಾಲ್ಲೂಕುಗಳು ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿದ್ದವು. ನರಸಿಂಹರಾಜಪುರಕ್ಕೆ 1915ರವರೆಗೆ ಎಡೇಹಳ್ಳಿ ಎಂದು ಹೆಸರು. ಹಳ್ಳಿಯ ಕಾವಲು ತಳವಾರನದು. ಅವನ ಆಯುಧ ದೊಣ್ಣೆ. ಪೊಲೀಸರಿಗೂ ದಿನನಿತ್ಯದ ಕೆಲಸಕ್ಕೆ ಬೇಕಾದದ್ದು ಬಿದಿರಿನ ಲಾಠಿ, ಸೀಟಿ, ಕೈಕೋಳ, ರಾತ್ರಿ ಗಸ್ತಿಗೆ ಲಾಟೀನು. ಖಾಕಿ ಚಡ್ಡಿ, ಕಾಲಿಗೆ ಸುತ್ತಿದ ಪಟ್ಟಿ ಆ ಕಾಲದ ಗುರುತು.

ಸ್ವಾತಂತ್ರ್ಯದ ನಂತರ ನಿಜವಾದ ತ್ರೀ ನಾಟ್ ತ್ರೀ ದೇಶದ ಪೊಲೀಸರ ಮುಖ್ಯ ಬಂದೂಕಾಯಿತು. ತೂಕ ಸುಮಾರು 4 ಕಿಲೋ, ನಳಿಗೆಯ ಒಳ ಅಗಲ 7.7 ಮಿಲಿಮೀಟರ್. ಪ್ರತಿ ಸಲ ಗುಂಡು ಹಾರಿಸಿದ ಮೇಲೆ ಬೋಲ್ಟ್ ಎಳೆದು ತಳ್ಳಬೇಕು. ಹಿಡಿಯ ಹಿಂಬದಿಯ ಗೂಡಿನಲ್ಲಿ ಒಂದು ಪುಟ್ಟ ಎಣ್ಣೆ ಕುಪ್ಪಿ, ನಳಿಗೆ ಉಜ್ಜಲು ಬಟ್ಟೆ ಕಟ್ಟಿ ಎಳೆಯುವ ಹಗ್ಗ. ಶೃಂಗೇರಿ, ಕೊಪ್ಪದ ಮುಂಗಾರಿನಲ್ಲಿ ಆ ಕುಪ್ಪಿಯ ಬೆಲೆ ಏನೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಂದು ದಿನ ಮರೆತರೂ ಕಬ್ಬಿಣ ತುಕ್ಕು ಹಿಡಿಯುವ ಊರುಗಳಿವು. ಹಾರಿಸಿದ ಒಂದೊಂದು ಗುಂಡಿಗೂ ಪೊಲೀಸನು ಲೆಕ್ಕ ಕೊಡಬೇಕಾಗಿತ್ತು.

ಆದರೆ ಕಾಲ ಬದಲಾದರೂ ಬಂದೂಕು ಬದಲಾಗಲಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬೈ ರೈಲು ನಿಲ್ದಾಣದಲ್ಲಿ ಎಕೆ-47 ಹಿಡಿದವರ ಎದುರು ಪೊಲೀಸರ ಬಳಿ ಇದ್ದದ್ದು ಇದೇ ಹಳೆಯ ರೈಫಲ್. ಅದೇ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ತುಕಾರಾಂ ಓಂಬ್ಳೆ ಎಂಬ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಬಂದೂಕಿಲ್ಲದೆಯೇ ಮುನ್ನುಗ್ಗಿ, ಕಸಬ್‌ನ ಬಂದೂಕಿನ ನಳಿಗೆಯನ್ನು ಹಿಡಿದುಕೊಂಡು ಪ್ರಾಣ ಕೊಟ್ಟರು. ಕಸಬ್ ಜೀವಂತವಾಗಿ ಸಿಕ್ಕಿಬಿದ್ದ. ಓಂಬ್ಳೆಯವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಉತ್ತರ ಪ್ರದೇಶದ ಪೊಲೀಸರು ಈ ರೈಫಲ್‌ಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು!

ನಮ್ಮಲ್ಲಿ ಪೊಲೀಸರ ಹಾಗೆ ರೈತರ ಮನೆಗಳಲ್ಲೂ ಕೋವಿ ಇದೆ. ಕಾಡುಹಂದಿಯಿಂದ ಬೆಳೆ ಕಾಯಲು 1959ರ ಆಯುಧ ಕಾಯ್ದೆಯಡಿ ಪರವಾನಗಿ ಪಡೆದ ಕೋವಿಯದು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಬರುತ್ತದೆ. ಬೆಳೆ ಕೈಗೆ ಬರುವ ಹೊತ್ತಿನಲ್ಲಿ ಕೋವಿ ಠಾಣೆಯಲ್ಲಿದ್ದರೆ ರೈತನಿಗೆ ಬೇಸರವಾಗುವುದು ಸಹಜ. ಶಾಂತಿಯುತ ಮತದಾನ ಬೇಕೆಂಬುದೂ ಸರಿಯೇ. ನಂಬಿಕೆ ಮತ್ತು ಅನುಮಾನದ ನಡುವಿನ ಆ ಹಳೆಯ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಇತಿಹಾಸವೆಂದರೆ ರಾಜರ ಹೆಸರು, ಯುದ್ಧಗಳ ಇಸವಿ ಮಾತ್ರವಲ್ಲ. ನಿಮ್ಮ ಊರಿನಲ್ಲಿ ನಿವೃತ್ತ ಪೊಲೀಸರಿದ್ದರೆ ಅವರ ಬಳಿ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಆಳುವವರು ತಮ್ಮ ಪೊಲೀಸರ ಕೈಗೆ ಏನು ಕೊಟ್ಟರು, ಏನನ್ನು ಕೊಡದೆ ಉಳಿಸಿಕೊಂಡರು ಎಂಬುದರಲ್ಲಿ ಪ್ರಜೆಗಳ ಮೇಲೆ ಅವರಿಗಿದ್ದ ವಿಶ್ವಾಸದ ಅಳತೆಯೂ ಸಿಗುತ್ತದೆ.